ಸೋಮವಾರದ ಬೀಗರೂಟ

ಕೇಸು ಗೆದ್ದವನು ಸ್ವೀಟು ಹಂಚಬೇಕು ತಾನೆ?

ಕಳೆದ ವಾರ ಶಿವಣ್ಣ ಕೇಸು ಗೆದ್ದ. ಗೆದ್ದವನು ಕೋರ್ಟಿನ ಕಾಂಪೌಂಡಿನ ಸಿಮೆಂಟು ಬೆಂಚಿನ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಸಂತೋಷಕ್ಕೆ ಅಳುತ್ತಿದ್ದಾನೆ ಅಂದುಕೊಂಡೆ. ಪಕ್ಕದಲ್ಲಿ ಕೂತು, 'ಮುಗೀತಲ್ಲ ಬಿಡೋ. ಖುಲಾಸೆ ಆಯ್ತಲ್ಲ' ಅಂದೆ.

ಅವನು ಟವೆಲ್ಲು ತೆಗೆದು ನನ್ನ ಮುಖ ನೋಡಿದ.

'ಏನ್ ಮುಗೀತಕ್ಕ? ನಾನು ಒಡ್ದಿಲ್ಲ ಅಂತ ಅಂದ್ರಾ? ಸಂಶಯದ ಲಾಭ ಕೊಟ್ಟು ಬುಟ್ಟಿದ್ದೀವಿ ಅಂದ್ರು. ಅದ್ಯಾವ ಲಾಭ ಅಕ್ಕ? ಯಾರ್ಗೆ ಆದ ಲಾಭ?'

ಆ ಪ್ರಶ್ನೆಯನ್ನೇ ಈ ವಾರದ ಅಂಕಣದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. (ಹೆಸರುಗಳನ್ನು ಬದಲಾಯಿಸಿದ್ದೇನೆ. ಯಾವ ಠಾಣೆ, ಯಾವ ಕೋರ್ಟು ಅಂತ ಕೇಳಬೇಡಿ. ಎಲ್ಲಿ ಬೇಕಾದರೂ ಆಗಬಹುದಾಗಿದ್ದ ಕಥೆ ಇದು.)

ಶಿವಣ್ಣ ನನ್ನ ತವರೂರಿನವನು. ತೊಣ್ಣೂರು ಕೆರೆ ಕಡೆಯ ಊರು ನಮ್ಮದು. ಸ್ಕೂಲಿನಲ್ಲಿ ನನಗಿಂತ ಚಿಕ್ಕವನು, ಹಾಗಾಗಿ ಇವತ್ತಿಗೂ ನಾನು ಅವನಿಗೆ ಅಕ್ಕ. ಶಾಮಿಯಾನ ಹಾಕುವುದು ಅವನ ಕಸುಬು. ಬಟ್ಟೆ, ಬಿದಿರಿನ ಗಳ, ಹಗ್ಗ, ಕುರ್ಚಿ, ಅಡುಗೆ ಪಾತ್ರೆ, ಎಲ್ಲವೂ ಅವನದೇ. ಒಂದು ಗೂಡ್ಸ್ ಆಟೋ ಇತ್ತು. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ಸುತ್ತುತ್ತಿದ್ದ. ಸಂತೆಬಾಚಹಳ್ಳಿ ಕಡೆ ಮದುವೆ ಸೀಸನ್ನಿನಲ್ಲಿ ಅವನು ಸಿಗುವುದೇ ಕಷ್ಟವಾಗಿತ್ತು. ಗಳ ನೆಡುವಾಗ ನೆಲಕ್ಕೆ ಕೈ ಮುಗಿಯುತ್ತಿದ್ದ. 'ನೆರಳು ಕೊಡೋ ಕೆಲ್ಸ ಕಣಕ್ಕ ನಂದು' ಅನ್ನುವುದು ಅವನ ಮಾತು. ನಾವೆಲ್ಲ ನಗುತ್ತಿದ್ದೆವು.

ನಮ್ಮೂರಿನ ಹುಡುಗಿಯೊಬ್ಬಳ ಮದುವೆಯಾಯಿತು. ಗಂಡಿನ ಊರಿನಲ್ಲಿ ಬೀಗರೂಟ. ನಮ್ಮ ಕಡೆಯ ಬೀಗರೂಟ ನಿಮಗೆ ಗೊತ್ತೇ ಇದೆ. ಮದುವೆಗಿಂತ ಅದೇ ಜೋರು. ಕುರಿ ಕಡಿಯುತ್ತಾರೆ, ಮುದ್ದೆ ತೊಳಸುತ್ತಾರೆ, ಪಂಕ್ತಿ ಮೇಲೆ ಪಂಕ್ತಿ ಕೂರುತ್ತದೆ. ಹೆಣ್ಣಿನ ಕಡೆಯವರೇ ಮಾತಾಡಿ ಶಿವಣ್ಣನ ಶಾಮಿಯಾನ ಗೊತ್ತು ಮಾಡಿದ್ದರು. ನಾನೂ ಹೋಗಿದ್ದೆ. ಮೊದಲನೇ ಪಂಕ್ತಿಯಲ್ಲಿ ಕೂತು, ಉಂಡು, ಎಲೆ ಅಡಿಕೆ ಹಾಕಿಕೊಂಡು ಹೊರಟುಬಂದೆ. ಆ ದಿನ ಭಾನುವಾರ.

ಜಗಳ ಶುರುವಾದದ್ದು ಆಮೇಲೆ. ಹೆಣ್ಣಿನ ಕಡೆಯ ಹುಡುಗರು ಕೂತಿದ್ದ ಪಂಕ್ತಿ. 'ಬರೀ ಮೂಳೆ ಆಕ್ತಾವ್ನೆ ಕಣ್ಲಾ ಇವ್ನು' ಅಂತ ಯಾರೋ ಅಂದರಂತೆ. ಬಾಡಿನ ಬಕೆಟ್ಟು ಹಿಡಿದಿದ್ದವನು ಗಂಡಿನ ಕಡೆಯ ಮಂಜುನಾಥ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ಐಟಿಐ ಓದುತ್ತಿದ್ದ. ಅವನೂ ಏನೋ ತಿರುಗಿ ಅಂದ. ಎಲೆ ಎತ್ತಿ ಎಸೆದರು. ಬಕೆಟ್ಟು ಉರುಳಿತು. ಎರಡೂ ಕಡೆಯವರು ಕೈ ಕೈ ಮಿಲಾಯಿಸಿದರು. ನೂಕಾಟದಲ್ಲಿ ಶಾಮಿಯಾನದ ಒಂದು ಮೂಲೆ ಕುಸಿಯಿತು. ಆ ಗದ್ದಲದಲ್ಲಿ ಗಳದ ಏಟೊಂದು ಮಂಜುನಾಥನ ಹುಬ್ಬಿನ ಪಕ್ಕಕ್ಕೆ ಬಿತ್ತು.

ಎಡಗಣ್ಣು ಹೋಯಿತು. ಮೈಸೂರಿನಲ್ಲಿ ಡಾಕ್ಟರು ಏನೆಲ್ಲಾ ಮಾಡಿದರೂ ಬರಲಿಲ್ಲ.

ಒಂದು ತುಂಡು ಮಾಂಸಕ್ಕೆ ಒಂದು ಕಣ್ಣು.

ಏಟು ಬಿದ್ದು ಕುಸಿಯುತ್ತಾ ಮಂಜುನಾಥ ತಿರುಗಿ ನೋಡಿದ. ಕಂಡದ್ದು ಶಿವಣ್ಣ. ಅವನ ಕೈಯಲ್ಲಿ ಗಳ. ಹುಡುಗ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದ. ಗಳ ಯಾರದು? ಶಿವಣ್ಣನದು. ಶಿವಣ್ಣ ಯಾವ ಊರಿನವನು? ಹೆಣ್ಣಿನ ಊರಿನವನು. ಪೊಲೀಸರಿಗೆ ಇನ್ನೇನು ಬೇಕು?

ಶಿವಣ್ಣ ಹೇಳುವುದು ಬೇರೆ. ಶಾಮಿಯಾನ ಕುಸಿದ ಕಡೆ ಹೆಂಗಸರು ಮಕ್ಕಳು ಸಿಕ್ಕಿಕೊಂಡಿದ್ದರು. ಯಾರೋ ಕಿತ್ತು ಬಿಸಾಡಿದ್ದ ಗಳವನ್ನು ಎತ್ತಿ, ಬಟ್ಟೆಗೆ ಊರುಗೋಲು ಕೊಡಲು ಓಡಿದೆ ಅನ್ನುತ್ತಾನೆ. ಹೊಡೆದವನನ್ನು ಅವನು ನೋಡಲಿಲ್ಲ.

ನೋಡಿದವಳು ಒಬ್ಬಳಿದ್ದಳು. ನಿಂಗಮ್ಮ. ಗಂಡಿನ ಊರಿನ ಮುದುಕಿ, ಉಂಡ ಎಲೆ ಎತ್ತುವ ಕೆಲಸಕ್ಕೆ ಬಂದಿದ್ದಳು. ಪಂಕ್ತಿಯ ತುದಿಯಲ್ಲಿ ಎಲೆ ತುಂಬುವ ಬಿದಿರಿನ ಮಂಕರಿ ಹಿಡಿದು ನಿಂತಿದ್ದವಳ ಕಣ್ಣೆದುರಿಗೇ ಎಲ್ಲ ಆಯಿತು. ಶಿವಣ್ಣ ಜಾಮೀನಿನ ಮೇಲೆ ಹೊರಗೆ ಬಂದ ಮೇಲೆ ಅವಳನ್ನು ಹುಡುಕಿಕೊಂಡು ಹೋದ. ಅವಳು ಹೇಳಿದ್ದು ಇಷ್ಟು: 'ನೀನು ಒಡ್ದಿಲ್ಲ ಕಣಪ್ಪ. ಒಡ್ದೋನ್ನ ನಾನು ಕಂಡಿವ್ನಿ. ಊರಲ್ಲಿ ಎಸ್ರು ಯೋಳಕಿಲ್ಲ. ಯೋಳುದ್ರೆ ಎರಡೂ ಊರು ಬಡ್ಕತವೆ, ಆ ಮದ್ವೆ ಮುರೀತದೆ. ಕೋರ್ಟ್ಗೆ ಕರ್ಸು. ಅಲ್ಲಿ ಆಣೆ ಮಾಡಿ ಯೋಳ್ತೀನಿ. ಅಲ್ಲಿ ಯೋಳಿದ್ದುಕ್ಕೆ ಯಾರೂ ನನ್ನ ಕೇಳಂಗಿಲ್ಲ.'

ಶಿವಣ್ಣನಿಗೆ ಇಷ್ಟು ಸಾಕಿತ್ತು. ನೇರ ಚಂದ್ರಣ್ಣನ ಮನೆಗೆ ಹೋದ.

ಚಂದ್ರಣ್ಣ ನನ್ನ ದೊಡ್ಡಪ್ಪನ ಮಗ. ವಕೀಲ. ಒಳ್ಳೆಯ ವಕೀಲ ಅಂತಲೇ ಹೆಸರು. ಶಿವಣ್ಣನಿಗೆ ಅವನನ್ನು ತೋರಿಸಿದ್ದು ನಾನೇ. ಊರಿನವನು ಅಂತ ಅಕ್ಕರೆಯಿಂದಲೇ ಕೇಸು ತೆಗೆದುಕೊಂಡ.

ಈಗ ಸ್ವಲ್ಪ ಕಾನೂನು. (ಗಾಬರಿಯಾಗಬೇಡಿ, ಬೇಗ ಮುಗಿಸುತ್ತೇನೆ.)

ಒಬ್ಬನ ಮೇಲೆ ಕ್ರಿಮಿನಲ್ ಕೇಸು ನಡೆಸುವ ಮೊದಲು ಕೋರ್ಟು ಅವನಿಗೆ ಒಂದು ಮಾತು ಹೇಳಬೇಕು. ಇಂಥ ದಿನ, ಇಂಥ ಜಾಗದಲ್ಲಿ, ಇಂಥವನಿಗೆ, ನೀನು ಇಂಥದ್ದು ಮಾಡಿದೆ ಅಂತ ಆರೋಪ ಇದೆ. ಏನಂತೀಯ? ಇದೇ ಚಾರ್ಜು. ಅವನಿಗೆ ಗೊತ್ತಿರುವ ಭಾಷೆಯಲ್ಲಿ ಓದಿ, ಅರ್ಥವಾಗುವ ಹಾಗೆ ಹೇಳಬೇಕು. ಯಾಕೆ? ಏನು ಮಾಡಿದೆ ಅಂತಲೇ ಗೊತ್ತಿಲ್ಲದವನು ಮಾಡಿಲ್ಲ ಅಂತ ಹೇಗೆ ತೋರಿಸುತ್ತಾನೆ? ಸರಿಯಾದ ವಿಚಾರಣೆ ಇಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಅಂತ ನಮ್ಮ ಸಂವಿಧಾನ ಕೊಟ್ಟಿರುವ ಮಾತು ನೆಲಕ್ಕಿಳಿಯುವುದು ಹೀಗೆ, ಇಂಥ ಸಣ್ಣ ಸಣ್ಣ ಕಡೆಗಳಲ್ಲೇ.

ಶಿವಣ್ಣನ ಚಾರ್ಜಿನಲ್ಲಿ ಎಲ್ಲ ಇತ್ತು. ಜಾಗ ಇತ್ತು, ಗಳ ಇತ್ತು, ಕಣ್ಣು ಇತ್ತು. ತಾರೀಖು ಮಾತ್ರ ಸೋಮವಾರದ್ದು.

ಹೇಗಾಯಿತು? ಯಾರಿಗೂ ಗೊತ್ತಿಲ್ಲ. ಮಂಜುನಾಥನ ತಾಯಿ ದೇವಮ್ಮ ದೂರು ಕೊಟ್ಟದ್ದು ಸೋಮವಾರ. ಬರೆದುಕೊಂಡವರು ದೂರು ಬಂದ ದಿನವನ್ನೇ ಜಗಳದ ದಿನ ಅಂತಲೂ ಬರೆದಿರಬೇಕು. ಅದನ್ನು ನೋಡಿ ಚಾರ್ಜ್‌ಶೀಟು. ಚಾರ್ಜ್‌ಶೀಟು ನೋಡಿ ಕೋರ್ಟಿನ ಚಾರ್ಜು. ಒಬ್ಬರ ತಪ್ಪನ್ನು ಇನ್ನೊಬ್ಬರು ಅಚ್ಚುಕಟ್ಟಾಗಿ ಕಾಪಿ ಮಾಡಿದರು. ಮಂಡ್ಯ ಸೀಮೆಯಲ್ಲಿ ಹುಟ್ಟಿದ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು: ಸೋಮವಾರ ಯಾರಾದರೂ ಬೀಗರೂಟ ಹಾಕುತ್ತಾರಾ? ಶಿವನ ವಾರ ಒಲೆ ಮೇಲೆ ಬಾಡಿನ ಪಾತ್ರೆ ಇಡುತ್ತಾರಾ? (ಶನಿವಾರವೂ ಇಡುವುದಿಲ್ಲ, ಆ ಮಾತು ಬೇರೆ.) ಆದರೆ ಯಾರೂ ಕ್ಯಾಲೆಂಡರು ನೋಡಲಿಲ್ಲ.

ಚಂದ್ರಣ್ಣ ನೋಡಿದ.

ಚಾರ್ಜು ಓದುವ ದಿನ ಶಿವಣ್ಣ ಕಟಕಟೆಯಲ್ಲಿ ನಿಂತಿದ್ದ. ನ್ಯಾಯಾಧೀಶರು ಕನ್ನಡದಲ್ಲೇ ಓದಿದರು. 'ಅರ್ಥ ಆಯ್ತೇನಪ್ಪ? ತಪ್ಪು ಒಪ್ಪಿಕೊಳ್ತೀಯಾ, ವಿಚಾರಣೆ ಬೇಕಾ?' ಅಂದರು. ಶಿವಣ್ಣ ಬಾಯಿ ತೆಗೆದ. 'ಸ್ವಾಮಿ, ಅದು ಆ ದಿನ ಅಲ್ಲ...' ಅನ್ನುವಷ್ಟರಲ್ಲಿ ಚಂದ್ರಣ್ಣ ಎದ್ದು ನಿಂತ. 'ಆರೋಪ ನಿರಾಕರಿಸುತ್ತೇವೆ ಸ್ವಾಮಿ. ವಿಚಾರಣೆ ಕೇಳುತ್ತೇವೆ' ಅಂದ.

ಹೊರಗೆ ಬಂದ ಮೇಲೆ ಚಂದ್ರಣ್ಣ ಅವನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಗದರಿದ. 'ಬಾಯಿ ಮುಚ್ಕೊಂಡಿರ್ಲಾ. ಸೋಮವಾರ ಎಲ್ಲಿದ್ದೆ ನೀನು?'

'ನಾಗಮಂಗ್ಲದಲ್ಲಿ. ತಿಥಿ ಇತ್ತು ಅಂತ ಬೆಳಗ್ಗೆಯಿಂದ ಶಾಮಿಯಾನ ಕಟ್ತಿದ್ದೆ.'

'ನೋಡ್ದೋರು ಇದಾರಾ?'

'ಇಡೀ ಬೀದೀನೇ ನೋಡ್ಯದೆ.'

'ಮುಗೀತು. ಕೇಸು ಬಿತ್ತು ಅಂದ್ಕೋ.'

ಶಿವಣ್ಣ ಕಕ್ಕಾಬಿಕ್ಕಿ. 'ಅಣ್ಣ, ಜಗಳ ಭಾನ್ವಾರ ಅಲ್ವಾ ಆಗಿದ್ದು? ನಿಂಗಮ್ಮನ ಕರ್ಸಿ ಇದ್ದದ್ದು ಇದ್ದಂಗೆ ಯೋಳ್ಸಣ.'

'ಅವಳು ಬಂದು ಭಾನುವಾರ ಅಂದ್ರೆ ನಾವೇ ಅವರ ತಪ್ಪು ತಿದ್ದಿಕೊಟ್ಟಂಗೆ. ಅವಳ ಸುದ್ದಿ ಎತ್ತಬೇಡ.'

ಕಾನೂನಿನ ಲೆಕ್ಕದಲ್ಲಿ ಚಂದ್ರಣ್ಣ ಮಾಡಿದ್ದು ಅಪರಾಧವಲ್ಲ. ನಾನು ಆಮೇಲೆ ಕೇಳಿದಾಗ ಅವನು ಅಂದದ್ದು ಇದು: 'ಕ್ಲೈಂಟನ್ನ ಉಳಿಸೋದು ನನ್ನ ಕೆಲಸ ಕಣಮ್ಮ. ಎದುರಿನವರು ತಪ್ಪು ಬರೆದರೆ ತಿದ್ದಿಕೊಡೋದೂ ನನ್ನ ಕೆಲಸಾನಾ?' ಹೌದಲ್ಲ ಅನ್ನಿಸಿತು. ನಿಮಗೂ ಅನ್ನಿಸುತ್ತದೆ.

ಆದರೆ ನಿಂಗಮ್ಮನಿಗೆ ಯಾರು ಹೇಳಬೇಕು? ವಾಯಿದೆಯ ದಿನ ಯಾರಿಂದಲೋ ತಿಳಿದುಕೊಂಡು ಅವಳೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕೋರ್ಟಿನ ವರಾಂಡದಲ್ಲಿ ಕೂತಿದ್ದಳು. 'ನನ್ನ ಎಸ್ರು ಯಾವಾಗ ಕೂಗ್ತಾರಪ್ಪ?' ಅಂತ ಹೋಗಿಬರುವವರನ್ನೆಲ್ಲ ಕೇಳುತ್ತಿದ್ದಳಂತೆ. ಚಂದ್ರಣ್ಣ ನೋಡಿದ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದ. 'ಅಜ್ಜಿ, ನಿಮ್ಮ ಅವಶ್ಯಕತೆ ಇಲ್ಲ. ಕೇಸು ನಾವೇ ಗೆಲ್ತೀವಿ, ನೀವು ಹೋಗಿ' ಅಂದ. ಶಿವಣ್ಣನೇ ಅವಳನ್ನು ಬಸ್ಸು ಹತ್ತಿಸಿದ.

ಬಸ್ಸಿನ ಕಿಟಕಿಯಿಂದ ಅವಳು ಕೇಳಿದ ಮಾತನ್ನು ಶಿವಣ್ಣ ಇವತ್ತಿಗೂ ಹೇಳುತ್ತಾನೆ. 'ನಾನ್ ಕಂಡಿದ್ದು ಬ್ಯಾಡ್ವಾ ನಿಮ್ಗೆ?'

ವಿಚಾರಣೆ ನಡೆಯಿತು. ಮಂಜುನಾಥ ಬಂದು ಕಂಡದ್ದು ಹೇಳಿದ. ಚಾರ್ಜಿನಲ್ಲಿರುವ ತಾರೀಖು ಸರಿಯಾ ಅಂತ ಚಂದ್ರಣ್ಣ ಕೇಳಿದ. ಪಾಪ, ಹುಡುಗನಿಗೆ ತಾರೀಖು ಎಲ್ಲಿ ನೆನಪು? ಏಟು ಬಿದ್ದ ಮೇಲೆ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಎಚ್ಚರ ತಪ್ಪಿತ್ತು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. 'ಅದ್ರಲ್ಲಿ ಬರ್ದಿರೋದು ಸರಿ ಇರ್ತದೆ ಸ್ವಾಮಿ' ಅಂದ. ಕೋರ್ಟು ಬರೆದದ್ದನ್ನು ನಂಬಿದ, ಅಷ್ಟೆ.

ಕೊನೆಯಲ್ಲಿ ನ್ಯಾಯಾಧೀಶರು ಶಿವಣ್ಣನನ್ನು ಕೇಳಿದರು. ಏನಾದರೂ ಹೇಳುವುದಿದೆಯಾ? ಚಂದ್ರಣ್ಣ ಹೇಳಿಕೊಟ್ಟ ಮಾತನ್ನು ಅವನು ಒಪ್ಪಿಸಿದ. 'ಆ ದಿನ ನಾನು ನಾಗಮಂಗಲದಲ್ಲಿದ್ದೆ ಸ್ವಾಮಿ.' ತಿಥಿ ಮನೆಯವರು ಬಂದು, ಹೌದು, ಬೆಳಗಿನಿಂದ ಸಂಜೆವರೆಗೆ ನಮ್ಮ ಮನೆ ಮುಂದೆಯೇ ಇದ್ದ ಅಂದರು. ಅದೂ ನಿಜ. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ನಡೆದದ್ದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ.

ವಾದ ಮಂಡಿಸುವ ದಿನ ಚಂದ್ರಣ್ಣ ತನ್ನ ಬಾಣ ಬಿಟ್ಟ: ಚಾರ್ಜಿನಲ್ಲಿರುವ ದಿನ ಶಿವಣ್ಣ ಅಲ್ಲಿರಲೇ ಇಲ್ಲ. ಅಷ್ಟು ಹೊತ್ತಿಗೆ ನ್ಯಾಯಾಧೀಶರು ಬದಲಾಗಿದ್ದರು. ಸರ್ಕಾರಿ ವಕೀಲರು ಫೈಲು ತಿರುವಿ ಹಾಕಿ, ತಲೆ ಕೆರೆದುಕೊಂಡು, ತಾರೀಖು ಕೈತಪ್ಪಿನಿಂದ ಆಗಿದೆ, ಚಾರ್ಜು ತಿದ್ದಲು ಅನುಮತಿ ಕೊಡಿ ಅಂತ ಅರ್ಜಿ ಹಾಕಿದರು.

ತಿದ್ದಬಹುದಾ? ತಿದ್ದಬಹುದು. ತೀರ್ಪು ಹೇಳುವ ಮುಂಚೆ ಯಾವಾಗ ಬೇಕಾದರೂ ಕೋರ್ಟು ಚಾರ್ಜು ತಿದ್ದಬಹುದು. ಒಂದು ತಾರೀಖು ತಪ್ಪಾಯಿತು ಅಂತ ಕೇಸೇ ಬಿದ್ದುಹೋಗುವುದಿಲ್ಲ. ಆರೋಪಿ ದಾರಿ ತಪ್ಪಿದನಾ, ಅನ್ಯಾಯ ಆಯಿತಾ ಅಂತ ನೋಡುತ್ತಾರೆ. ಅದು ಸರಿಯಾದ ನಿಯಮವೇ. ಇಲ್ಲದಿದ್ದರೆ ಒಂದು ಕಾಮಾ ತಪ್ಪಿದರೂ ಕೊಲೆಗಾರರು ಎದ್ದು ಹೋಗುತ್ತಿದ್ದರು. ಆದರೆ ಆ ನಿಯಮಕ್ಕೆ ಇನ್ನೊಂದು ಅರ್ಧ ಇದೆ. ತಿದ್ದಿದ ಮೇಲೆ ಆರೋಪಿಗೆ ಮತ್ತೆ ಓದಿ ಹೇಳಬೇಕು. ಹಳೆಯ ಸಾಕ್ಷಿಗಳನ್ನು ಮತ್ತೆ ಕರೆಸಿ ಕೇಳಬೇಕಾ, ಹೊಸಬರನ್ನು ಕರೆಸಬೇಕಾ ಅಂತ ಕೇಳಬೇಕು. ಸಮಯ ಕೊಡಬೇಕು.

ಮೊದಲ ಅರ್ಧ ಆಯಿತು. ಎರಡನೆಯದು ಆಗಲಿಲ್ಲ. ಹಳೇ ಕೇಸು, ಬೇಗ ಮುಗಿಸಬೇಕು ಅನ್ನುವ ಒತ್ತಡ. ತಾರೀಖು ತಿದ್ದಿ, ಇದ್ದ ಸಾಕ್ಷಿಗಳ ಮೇಲೆಯೇ ತೀರ್ಪು ಹೇಳಿಬಿಟ್ಟರು. ಶಿವಣ್ಣ ತಪ್ಪಿತಸ್ಥ. ಜೈಲು.

ಚಾರ್ಜು ತಿದ್ದಿದ ದಿನವೇ ಶಿವಣ್ಣ ಮೋಟಾರು ಬೈಕು ಹತ್ತಿ ನಿಂಗಮ್ಮನ ಊರಿಗೆ ಹೋಗಿದ್ದ. ಕೋರ್ಟು ಕರೆಯಲಿ ಬಿಡಲಿ, ಅವಳನ್ನು ಕೂರಿಸಿಕೊಂಡೇ ಬರುತ್ತೇನೆ ಅಂತ. ಮನೆ ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯವರು ಹೇಳಿದರು, ಹಬ್ಬದ ಮುಂಚೆಯೇ ತೀರಿಕೊಂಡಳಲ್ಲಪ್ಪ, ನಿಮಗೆ ಗೊತ್ತಾಗಲಿಲ್ವಾ? ಸಾಯುವ ಮುಂಚೆ ಯಾರಿಗಾದರೂ ಏನಾದರೂ ಹೇಳಿದಳಾ ಅಂತ ಶಿವಣ್ಣ ಊರೆಲ್ಲ ಕೇಳಿದ. ಅವಳು ಯಾರಿಗೂ ಹೇಳಿರಲಿಲ್ಲ. ಕೋರ್ಟಿನಲ್ಲೇ ಹೇಳುತ್ತೇನೆ ಅಂದಿದ್ದವಳು ತನ್ನ ಮಾತು ಉಳಿಸಿಕೊಂಡಿದ್ದಳು.

ಜಾಮೀನು ಪಡೆದು ಅಪೀಲು ಹೋದರು. ಮೇಲಿನ ಕೋರ್ಟು ಸರಿಯಾಗಿಯೇ ಹೇಳಿತು. ಚಾರ್ಜು ತಿದ್ದಿದ ಮೇಲೆ ಆರೋಪಿಗೆ ಅವಕಾಶ ಕೊಟ್ಟಿಲ್ಲ, ಇದು ನ್ಯಾಯಯುತ ವಿಚಾರಣೆ ಅಲ್ಲ, ಶಿಕ್ಷೆ ರದ್ದು. ಶಿವಣ್ಣ ಕೈ ಮುಗಿದು ನಿಂತ. ಆಮೇಲೆ ಕೊನೆಯ ಸಾಲು ಓದಿದರು. ಮೊದಲಿನಿಂದ ಮತ್ತೆ ವಿಚಾರಣೆ ನಡೆಯಲಿ.

'ಗೆದ್ವಾ, ಸೋತ್ವಾ ಅಣ್ಣ?' ಅಂತ ಶಿವಣ್ಣ ಕೇಳಿದನಂತೆ. ಚಂದ್ರಣ್ಣ ಗೆದ್ವಿ ಅಂದನಂತೆ.

ಈ ಗೆಲುವಿನ ಜೊತೆ ಶಿವಣ್ಣ ಬದುಕಿದ್ದು ಹೇಗೆ? ಕೇಸು ಶುರುವಾದಾಗ ಅವನ ಮಗಳು ಅಂಗನವಾಡಿಯಲ್ಲಿದ್ದಳು. ಈಗ ಹೈಸ್ಕೂಲು. ಮದುವೆ ಮನೆಯವರು ಅವನನ್ನು ಕರೆಯುವುದು ನಿಲ್ಲಿಸಿದ್ದರು. ಯಾರೂ ಮುಖಕ್ಕೆ ಹೇಳಲಿಲ್ಲ. 'ಈ ಸಾರಿ ಬೇರೆಯವರಿಗೆ ಹೇಳಿಬಿಟ್ಟಿದ್ದೀವಿ ಶಿವಣ್ಣ' ಅನ್ನುತ್ತಿದ್ದರು, ಅಷ್ಟೆ. ಒಬ್ಬ ಹುಡುಗನ ಕಣ್ಣು ತೆಗೆದ ಗಳ ಯಾರ ಚಪ್ಪರಕ್ಕೆ ಬೇಕು? ಗೂಡ್ಸ್ ಆಟೋ ಮಾರಿದ. ಈಗ ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆ. ಅಸ್ಥಿ ಬಿಡಲು, ತಿಥಿ ಮಾಡಲು ಹೊಳೆ ಹತ್ತಿರ ಬರುವವರಿಗೆ ಕುರ್ಚಿ, ನೆರಳಿಗೆ ಒಂದಿಷ್ಟು ಬಟ್ಟೆ ಕೊಡುತ್ತಾನೆ. ನಮ್ಮ ಬಾಬುರಾಯನಕೊಪ್ಪಲಿನ ಮನೆಗೆ ಆಗಾಗ ಬರುತ್ತಾನೆ. 'ಸತ್ತ ಮನೆಯೋರು ಯಾರೂ ನನ್ನ ಇಸ್ಟ್ರಿ ಕೇಳಕಿಲ್ಲ ಕಣಕ್ಕ' ಅಂದ ಒಂದು ಸಲ. ನಗುತ್ತಾ ಅಂದ. ನನಗೆ ನಗು ಬರಲಿಲ್ಲ.

ಮಂಜುನಾಥ? ಐಟಿಐ ಬಿಟ್ಟ. ಒಂದು ಕಣ್ಣಿನವನನ್ನು ಫ್ಯಾಕ್ಟರಿಯವರು ತೆಗೆದುಕೊಳ್ಳಲಿಲ್ಲ. ಊರಲ್ಲೇ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಎರಡನೇ ವಿಚಾರಣೆಗೂ ಬಂದ. ಏಟು ಬಿದ್ದದ್ದು, ತಿರುಗಿದ್ದು, ಕಂಡದ್ದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಿತ್ತು. ಆ ದಿನ ನಾನೂ ಕೋರ್ಟಿನಲ್ಲಿದ್ದೆ. ಹಿಂದೆ ಬಡಿದಾಡಿದ್ದ ಮಿಕ್ಕ ಸಾಕ್ಷಿಗಳೆಲ್ಲ ಒಬ್ಬೊಬ್ಬರಾಗಿ ಮರೆತುಹೋಗಿದೆ ಸ್ವಾಮಿ ಅಂದು ಇಳಿದುಹೋಗಿದ್ದರು. ಎರಡೂ ಊರಿನವರು ಈಗ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುತ್ತಾರೆ. ಆ ಮದುವೆ ಚೆನ್ನಾಗಿದೆ, ಎರಡು ಮಕ್ಕಳು. ಹಳೇ ಕೇಸಿಗೆ ಯಾರು ಬಾಯಿ ಬಿಡುತ್ತಾರೆ?

ಮಂಜುನಾಥ ಮಾತ್ರ ಬಿಟ್ಟ. ಆದರೆ ಈ ಸಲ ಅವನು ಹೇಳಿದ್ದು ಬೇರೆ.

'ಸ್ವಾಮಿ, ಆವತ್ತು ಇವ್ರ ಕೈಲಿ ಗಳ ಕಂಡೆ. ಒಡೆದದ್ದು ಕಂಡ್ನಾ ಅಂತ ಕೇಳುದ್ರೆ... ಇಷ್ಟು ವರ್ಸ ಯೋಳಿ ಯೋಳಿ ಕಂಡಂಗೆ ಆಗೋಗದೆ. ನಿಜವಾಗ್ಲೂ ಕಂಡಿದ್ನಾ, ನಂಗೇ ತಿಳೀದು.'

ಆ ಹುಡುಗನ ಪ್ರಾಮಾಣಿಕತೆಗೆ ಏನನ್ನಬೇಕು? ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದನೇನೋ.

ಶಿವಣ್ಣ ಈ ಸಲ ಭಾನುವಾರದ ಸತ್ಯ ಹೇಳಿದ. ಗಳ ಎತ್ತಿದ್ದು, ಬಟ್ಟೆ ಎತ್ತಿಹಿಡಿದದ್ದು, ಎಲ್ಲ. ತಡವಾಗಿತ್ತು. ಕಳೆದ ವಾರದ ತೀರ್ಪಿನಲ್ಲಿ ನ್ಯಾಯಾಧೀಶರು ಬರೆದದ್ದನ್ನು ಚಂದ್ರಣ್ಣ ನನಗೆ ಬಿಡಿಸಿ ಹೇಳಿದ. ಆರೋಪಿ ಮೊದಲ ವಿಚಾರಣೆಯಲ್ಲಿ ನಾಗಮಂಗಲದಲ್ಲಿದ್ದೆ ಅಂದಿದ್ದಾನೆ. ಈಗ ಬೀಗರೂಟದಲ್ಲೇ ಇದ್ದೆ, ಗಳ ಎತ್ತಿಕೊಂಡೆ ಅನ್ನುತ್ತಾನೆ. ಹಾಗಾಗಿ ಅವನ ಮಾತನ್ನು ನಂಬಲಾಗುವುದಿಲ್ಲ. ಆದರೆ ಅವನೇ ಹೊಡೆದ ಅಂತಲೂ ಸಾಬೀತಾಗಿಲ್ಲ. ಸಂಶಯದ ಲಾಭ ಕೊಟ್ಟು ಬಿಡುಗಡೆ.

ಶಿವಣ್ಣ ಅತ್ತದ್ದು ಅದಕ್ಕೆ. ಬಿಟ್ಟರು, ಸುಳ್ಳುಗಾರ ಅಂತ ಬರೆದು ಬಿಟ್ಟರು.

ಆ ನ್ಯಾಯಾಧೀಶರನ್ನು ಬೈಯುವುದಾ? ಅವರ ಮುಂದೆ ಇದ್ದದ್ದು ಅಷ್ಟೇ. ಯಾರನ್ನು ಬೈಯಬೇಕು ಅಂತ ನಾನು ವಾರವಿಡೀ ಯೋಚಿಸಿದೆ. ತಾರೀಖು ತಪ್ಪಿ ಬರೆದವರನ್ನಾ? ದಿನಕ್ಕೆ ಎಷ್ಟೋ ದೂರು ಬರೆಯುವ ಕೈ ಅದು. ಓದದೆ ಚಾರ್ಜು ಹೊರಿಸಿದವರನ್ನಾ? ಅವರ ಮೇಜಿನ ಮೇಲಿನ ಫೈಲುಗಳ ರಾಶಿ ನಾನೇ ನೋಡಿದ್ದೇನೆ. ಚಂದ್ರಣ್ಣನನ್ನಾ? ಅವನು ಬೆಂಚಿನ ಹತ್ತಿರವೇ ಇದ್ದ. ಕರೀ ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡು, ಶಿವಣ್ಣನ ಅಳು ನೋಡಲಾಗದೆ ಮುಖ ಆ ಕಡೆ ತಿರುಗಿಸಿ ನಿಂತಿದ್ದ.

ಆಗ ದೇವಮ್ಮ ಬಂದಳು. ಮಂಜುನಾಥನ ತಾಯಿ. ಮಗ ಹಿಂದೆ ನಿಂತಿದ್ದ, ಬಾ ಹೋಗೋಣ ಅಂತ ಕೈ ಎಳೆಯುತ್ತಿದ್ದ. ಅವಳು ಕೈ ಕೊಡವಿ ಶಿವಣ್ಣನ ಮುಂದೆ ನಿಂತಳು. ಇಷ್ಟು ವರ್ಷ ಒಂದೇ ವರಾಂಡದಲ್ಲಿ ಕೂತು ಎದ್ದರೂ ಇಬ್ಬರೂ ಮಾತಾಡಿರಲಿಲ್ಲ. ಇವಳು ಬೈಯುತ್ತಾಳೆ, ಕೂದಲು ಹಿಡಿಯುತ್ತಾಳೆ ಅಂತ ನಾನು ಎದ್ದು ನಿಂತೆ.

'ಕೋರ್ಟು ಬುಡ್ತು. ಆಯ್ತು ಬುಡು' ಅಂದಳು. 'ಈಗ ನನ್ ಮುಂದೆ ಯೋಳು. ಜಡ್ಜು ಇಲ್ಲ, ಪೋಲೀಸ್ನೋರು ಇಲ್ಲ. ನೀನೇ ಒಡ್ದ್ಯಾ?'

ಶಿವಣ್ಣ ಎದ್ದು ನಿಂತ. 'ಇಲ್ಲ ಕಣವ್ವ. ನನ್ ಮಗಳ ಆಣೆಗೂ ಇಲ್ಲ.'

'ಅಂಗಾರೆ ಯಾರು?'

'ನಂಗೆ ಗೊತ್ತಿಲ್ಲ. ನಿಂಗಮ್ಮಂಗೆ ಗೊತ್ತಿತ್ತು.'

ದೇವಮ್ಮನಿಗೆ ಅದು ಹೊಸ ಸುದ್ದಿ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. 'ಎಲೆ ಎತ್ತೋ ನಿಂಗಮ್ಮನಾ? ನಮ್ ಬೀದಿ ಕೊನೇ ಮನೆಯೋಳು. ದಿನಾ ನಮ್ಮನೇಲಿ ಕಾಫಿ ಕುಡೀತಿದ್ಲಲ್ಲ! ನಂಗೆ ಒಂದ್ ಮಾತೂ ಯೋಳ್ನಿಲ್ಲ?'

'ಕೋರ್ಟಲ್ಲೇ ಯೋಳ್ತೀನಿ ಅಂದಿದ್ಲು. ಬಂದಿದ್ಲು ಕೂಡಾ.'

'ಮತ್ತೆ ಯಾಕ್ ಕೂಗ್ನಿಲ್ಲ ಅವ್ಳ ಎಸ್ರ?'

ಶಿವಣ್ಣ ಚಂದ್ರಣ್ಣನ ಕಡೆ ಬೆರಳು ತೋರಿಸಲಿಲ್ಲ. ಅದು ಅವನ ದೊಡ್ಡತನ. ಆದರೆ ಚಂದ್ರಣ್ಣನೇ ತಿರುಗಿದ. 'ನಾನು ವಾಪಸ್ ಕಳಿಸಿದೆ ಕಣಮ್ಮ' ಅಂದ. 'ತಾರೀಖು ತಪ್ಪಿತ್ತು. ಅದರಲ್ಲೇ ಗೆಲ್ತೀವಿ ಅಂದ್ಕೊಂಡೆ.' ಇನ್ನೂ ಏನೋ ಹೇಳಲು ಹೋಗಿ ನಿಲ್ಲಿಸಿದ. ಒಳ್ಳೆಯ ವಕೀಲ. ಕೋರ್ಟಿನಲ್ಲಿ ಅವನಿಗೆ ಮಾತು ನಿಂತದ್ದನ್ನು ನಾನು ನೋಡಿಲ್ಲ.

ದೇವಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಬೆಂಚಿನ ಮೇಲೆ ಶಿವಣ್ಣನ ಪಕ್ಕ ಕೂತುಬಿಟ್ಟಳು. ಯಾರನ್ನೂ ನೋಡದೆ ಅಂದಳು: 'ಇಷ್ಟು ವರ್ಸ ನಿಂಗೆ ಶಾಪ ಆಕ್ಬುಟ್ಟೆ ಕಣಪ್ಪ. ದಿನಾ ದೀಪ ಅಚ್ಚುವಾಗ ಆಕ್ತಿದ್ದೆ. ಈಗ ಯಾರ್ಗೆ ಆಕ್ಲಿ?'

ಹಿಂದೆ ನಿಂತಿದ್ದ ಮಂಜುನಾಥ ಮುಂದೆ ಬಂದು ತಾಯಿಯ ಭುಜದ ಮೇಲೆ ಕೈ ಇಟ್ಟ. ನಮ್ಮನ್ನು ನೋಡಲು ಅವನು ಕತ್ತನ್ನು ಪೂರ್ತಿ ತಿರುಗಿಸಬೇಕಾಗಿತ್ತು.

ಆರೋಪಿಯ ಹಕ್ಕು ಅಂದ ಕೂಡಲೇ ನಮ್ಮಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಕಳ್ಳರಿಗೆ, ರೌಡಿಗಳಿಗೆ ಎಂಥ ಹಕ್ಕು ಅನ್ನುತ್ತಾರೆ. ಟೀವಿ ಮುಂದೆ ಕೂತು ನಾನೂ ಅಂದಿದ್ದೇನೆ. ಚಾರ್ಜು ಸರಿಯಾಗಿ ಬರೆಯಬೇಕು, ಸರಿಯಾಗಿ ಓದಿ ಹೇಳಬೇಕು, ಅವನ ಸಾಕ್ಷಿಗೆ ಜಾಗ ಕೊಡಬೇಕು ಅನ್ನುವುದೆಲ್ಲ ಕಟಕಟೆಯಲ್ಲಿ ನಿಂತವನಿಗೆ ತೋರಿಸುವ ಔದಾರ್ಯ ಅಂತಲೇ ತಿಳಿದಿದ್ದೆ.

ಹಾಗಾದರೆ ಮಗನ ಕಣ್ಣು ಕಳೆದವರು ಯಾರು ಅಂತ ಇನ್ನು ಯಾವತ್ತೂ ತಿಳಿಯದ ದೇವಮ್ಮನಿಂದ ನಾವು ಕಿತ್ತುಕೊಂಡದ್ದು ಯಾರ ಹಕ್ಕು?